ರೂಮ್ ತೋರಿಸಿದಾಗ ಯಾರೂ ಬರಲಿಲ್ಲ | ಬಾದಾಮಿಯಲ್ಲಿ ಒಂದು ದಿನ

ಬೆಳಿಗ್ಗೆ ಆರೂಕಾಲು. ಟಪ್ ಟಪ್ ಅಂತ ಕೇಳಿಸುತ್ತಿದೆಯಲ್ಲ, ಅದು ನಮ್ಮ ಅಡುಗೆಮನೆ. ರೊಟ್ಟಿ ಬಡಿಯುತ್ತಿದ್ದಾರೆ. ನಾನಿನ್ನೂ ಒಳಗೆ ಹೋಗಿಲ್ಲ, ಬಾಗಿಲ ಹತ್ತಿರ ಕ್ಯಾಮೆರಾ ಹಿಡಿದು ನಿಂತಿದ್ದೇನೆ. ಮೊದಲು ಸದ್ದು ಕೇಳಿ. ನಮ್ಮ ಹೋಟೆಲಿನ ಇನ್‌ಸ್ಟಾಗ್ರಾಮ್ ಕಥೆ ಶುರುವಾಗಿದ್ದೇ ಈ ಸದ್ದಿನಿಂದ.

ನಮಸ್ಕಾರ. ಇದು ಬಾದಾಮಿ. ನಮ್ಮದು ಹದಿನಾಲ್ಕು ರೂಮಿನ ಹೋಟೆಲು. ಕೆಳಗೆ ಖಾನಾವಳಿ, ಮೇಲೆ ಲಾಡ್ಜು. ಅಪ್ಪ ಕಟ್ಟಿದ್ದು. ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೆ. ಲಾಕ್‌ಡೌನ್‌ನಲ್ಲಿ ಊರಿಗೆ ಬಂದವನು ವಾಪಸ್ ಹೋಗಲೇ ಇಲ್ಲ. ನಿಮ್ಮಲ್ಲಿ ತುಂಬಾ ಜನ ಕೇಳುತ್ತಿರುತ್ತೀರಿ, ನಮ್ಮದೂ ಹೋಟೆಲ್ ಇದೆ, ಹೋಮ್‌ಸ್ಟೇ ಇದೆ, ಫಾಲೋವರ್ಸ್ ಹೇಗೆ ಮಾಡಿಕೊಂಡಿರಿ ಅಂತ. ಇವತ್ತು ಕೆಲಸ ಮಾಡುತ್ತಾ ಮಾಡುತ್ತಾ ಹೇಳುತ್ತೇನೆ. ಎಡವಿದ್ದನ್ನೂ ಹೇಳುತ್ತೇನೆ. ಅದೇ ಜಾಸ್ತಿ ಇದೆ.

2020ರ ಜೂನ್ ಕೊನೆಯಲ್ಲಿ ಟಿಕ್‌ಟಾಕ್ ಬ್ಯಾನ್ ಆಯಿತು. ಜುಲೈನಲ್ಲಿ ಇನ್‌ಸ್ಟಾಗ್ರಾಮ್ ನಮ್ಮ ದೇಶದಲ್ಲಿ ರೀಲ್ಸ್ ಬಿಟ್ಟಿತು. ರೂಮುಗಳೆಲ್ಲ ಖಾಲಿ, ನನಗೂ ಕೆಲಸವಿಲ್ಲ. ಹೊಸ ಬೆಡ್‌ಶೀಟ್ ಹಾಸಿದೆ, ಟವೆಲ್ಲಿನಲ್ಲಿ ಹಂಸ ಮಾಡಿದೆ, ಬಾತ್‌ರೂಮಿನ ನಲ್ಲಿ ತಿರುವಿ ಬಿಸಿನೀರು ಬರುವುದನ್ನು ವಿಡಿಯೊ ಮಾಡಿದೆ. ಹಿಂದೆ ಒಂದು ಸಿನಿಮಾ ಹಾಡು. ಆರು ತಿಂಗಳಲ್ಲಿ ಮುನ್ನೂರು ಚಿಲ್ಲರೆ ಫಾಲೋವರ್ಸ್. ಅದರಲ್ಲಿ ಅರ್ಧ ಸಂಬಂಧಿಕರು, ಉಳಿದರ್ಧ ಬಾದಾಮಿಯವರೇ. ಬಾದಾಮಿಯವನು ಬಾದಾಮಿಯ ಲಾಡ್ಜಿನಲ್ಲಿ ಯಾಕೆ ಇಳಿದುಕೊಳ್ಳುತ್ತಾನೆ ಹೇಳಿ?

ಆಗ ದುಡ್ಡು ಕೊಟ್ಟು ಫಾಲೋವರ್ಸ್ ತಗೊಂಡೆ. ಹೌದು, ತಗೊಂಡೆ. ಐನೂರು ರೂಪಾಯಿಗೆ ಐದು ಸಾವಿರ ಜನ. ರಾತ್ರಿ ಮಲಗಿ ಬೆಳಿಗ್ಗೆ ಏಳುವಷ್ಟರಲ್ಲಿ ಬಂದುಬಿಟ್ಟಿದ್ದರು. ಹೆಸರು ಓದಲು ಬರಲ್ಲ, ಫೋಟೊ ಇಲ್ಲ. ಒಂದೂವರೆ ತಿಂಗಳಲ್ಲಿ ಮುಕ್ಕಾಲು ಭಾಗ ಮಾಯ. ಐನೂರು ರೂಪಾಯಿ ಹೋದದ್ದು ದೊಡ್ಡದಲ್ಲ. ಇಂಥ ಸತ್ತ ಅಕೌಂಟುಗಳು ನಮ್ಮ ಪಟ್ಟಿಯಲ್ಲಿ ಕೂತರೆ ವಿಡಿಯೊ ಅವರ ಮುಂದೆಯೂ ಹೋಗುತ್ತದೆ. ಅವರು ನೋಡಲ್ಲ, ಲೈಕ್ ಮಾಡಲ್ಲ, ಯಾರಿಗೂ ಕಳಿಸಲ್ಲ. ಆಗ ಆ್ಯಪ್ ಏನು ತಿಳಿಯುತ್ತದೆ? ಇವನ ವಿಡಿಯೊ ಯಾರಿಗೂ ಬೇಡ ಅಂತ. ನಿಜವಾದ ಜನಕ್ಕೂ ತೋರಿಸುವುದನ್ನು ಕಡಿಮೆ ಮಾಡುತ್ತದೆ. ಆ ಅಕೌಂಟನ್ನು ಅಲ್ಲೇ ಬಿಟ್ಟು ಹೊಸದು ತೆರೆದೆ.

ಹೊಸದನ್ನು ಬಿಸಿನೆಸ್ ಅಕೌಂಟ್ ಮಾಡಿದೆ. ಫೋನ್ ನಂಬರಿನ ಬಟನ್ ಬರುತ್ತದೆ, ಎಷ್ಟು ಜನ ನೋಡಿದರು ಅನ್ನುವ ಲೆಕ್ಕ ಸಿಗುತ್ತದೆ ಅಂತ. ಮಾಡಿದ ದಿನವೇ ಸಿನಿಮಾ ಹಾಡುಗಳು ಕಾಣೆ. ವ್ಯಾಪಾರದ ಅಕೌಂಟಿಗೆ ಆ ಹಾಡುಗಳ ಹಕ್ಕು ಕೊಡುವುದಿಲ್ಲ. ಉಳಿದದ್ದು ಲಿಫ್ಟಿನಲ್ಲಿ ಬರುತ್ತದಲ್ಲ, ಅಂಥ ಟಿಂಗ್ ಟಿಂಗ್ ಮ್ಯೂಸಿಕ್. ಸಿಟ್ಟು ಬಂದು, ಹಾಡೇ ಬೇಡ ಅಂತ ಅಡುಗೆಮನೆಗೆ ಹೋಗಿ ಇಪ್ಪತ್ತು ಸೆಕೆಂಡ್ ಶೂಟ್ ಮಾಡಿದೆ.

ಈಗ ಒಳಗೆ ಹೋಗೋಣ, ಬನ್ನಿ. ಕೈ ನೋಡಿ. ಮುಖ ತೋರಿಸಬೇಡ ಅಂದಿದ್ದಾರೆ ಅಕ್ಕ, ಹಾಗಾಗಿ ಕೈ ಮಾತ್ರ. ಜೋಳದ ಹಿಟ್ಟಿಗೆ ಕುದಿಯುವ ನೀರು. ನಾದಿ ನಾದಿ ಉಂಡೆ. ಆಮೇಲೆ ಒಂದೇ ಕೈಯಲ್ಲಿ ಬಡಿಯುವುದು. ರೊಟ್ಟಿ ತಾನಾಗಿ ತಿರುಗುತ್ತಿದೆ ಅನಿಸುತ್ತದೆ, ಅಲ್ವಾ? ಇಲ್ಲ. ಪ್ರತಿ ಪೆಟ್ಟಿಗೂ ಅಂಗೈ ಅದನ್ನು ಒಂದು ಚೂರು ತಳ್ಳುತ್ತದೆ. ಹೆಂಚಿಗೆ ಹಾಕಿ, ಮೇಲೆ ಒದ್ದೆ ಬಟ್ಟೆ ಸವರಿದಾಗ ಚುಂಯ್ ಅನ್ನುತ್ತದಲ್ಲ, ಅಲ್ಲಿಗೆ ಕಟ್ ಮಾಡಿದ್ದೆ. ಹಾಡಿಲ್ಲ, ಮಾತಿಲ್ಲ. ಹೋಟೆಲಿನ ಹೆಸರೂ ಇರಲಿಲ್ಲ, ಮರೆತಿದ್ದೆ.

ಆ ವಿಡಿಯೊ ಪುಣೆಯಲ್ಲಿರುವ ನಮ್ಮವರು, ದುಬೈನಲ್ಲಿರುವ ನಮ್ಮವರು, ಬೆಂಗಳೂರಿನ ಪಿಜಿಗಳಲ್ಲಿರುವ ಹುಡುಗರು ಎಲ್ಲರ ಕೈಯಲ್ಲೂ ಓಡಾಡಿತು. ಲೈಕ್ ಅಷ್ಟೇನೂ ಇರಲಿಲ್ಲ. ಆದರೆ ಜನ ಇನ್ನೊಬ್ಬರಿಗೆ ಕಳಿಸಿದ್ದರು. ಅಮ್ಮನಿಗೆ, ತಂಗಿಗೆ, ಹಳೇ ರೂಮ್‌ಮೇಟಿಗೆ. ಕಾಮೆಂಟಿನಲ್ಲಿ ಒಬ್ಬರು ಬರೆದರು, ‘ನಮ್ಮವ್ವ ನೆನಪಾದ್ಲು.’ ಅದರ ಕೆಳಗೆ ಇನ್ನೊಬ್ಬರು, ‘ಎಲ್ಲಿ ಐತ್ರಿ ಇದು?’ ಅಂತೂ ಒಬ್ಬರು ಕೇಳಿದರು, ಎಲ್ಲಿದೆ ಅಂತ.

ಒಂಬತ್ತು ಗಂಟೆ. ಇದು ನಮ್ಮ ಕೌಂಟರ್. ಇವರು ಮ್ಯಾನೇಜರ್ ಕಾಕಾ. ಅಪ್ಪನ ಕಾಲದಿಂದ ಇದೇ ಕುರ್ಚಿಯಲ್ಲಿದ್ದಾರೆ. ಕ್ಯಾಮೆರಾ ಕಂಡರೆ ರಜಿಸ್ಟರ್ ಮುಖಕ್ಕೆ ಹಿಡಿಯುತ್ತಾರೆ, ನೋಡಿ.

ನನ್ನ ಮಟ್ಟಿಗೆ ಇಡೀ ವಿದ್ಯೆ ಇರುವುದು ಈ ರಜಿಸ್ಟರಿನ ಹಿಂದಿನ ಪುಟಗಳಲ್ಲಿ. ರೀಲ್ ಎಲ್ಲಿಂದ ತರಲಿ ಅಂತ ತಲೆ ಕೆರೆದುಕೊಳ್ಳುತ್ತಿದ್ದಾಗ ಕಾಕಾ ಅಂದರು, ‘ಫೋನ್ ಮಾಡಿದವರು ಏನ್ ಕೇಳ್ತಾರ ಅದನ್ನ ಹೇಳಪಾ. ದಿನಾ ಅದನ್ನ ಹೇಳಿ ಹೇಳಿ ನನ್ನ ಬಾಯಿ ನೋಯತೈತಿ.’ ಒಂದು ತಿಂಗಳು ಪ್ರತಿ ಫೋನಿನ ಪ್ರಶ್ನೆ ಬರೆದಿಟ್ಟೆವು. ಎಸಿ ಇದೆಯಾ ಅಂತ ಕೇಳುವವರಿದ್ದರು, ಆದರೆ ಅದು ಕೊನೆಗೆ. ಮೊದಲು ಕೇಳುವುದೇ ಬೇರೆ. ಸ್ಟೇಷನ್ನಿಂದ ಊರು ಎಷ್ಟು ದೂರ, ರಾತ್ರಿ ಆಟೊ ಸಿಗುತ್ತಾ? ಗುಹೆ ಹತ್ತಲು ಅಜ್ಜಿಗೆ ಆಗುತ್ತಾ? ಮಂಗ ಕಚ್ಚುತ್ತಾವಾ? ಐಹೊಳೆ, ಪಟ್ಟದಕಲ್ಲು ಒಂದೇ ದಿನಕ್ಕೆ ಮುಗಿಯುತ್ತಾ?

ಒಂದೊಂದು ಪ್ರಶ್ನೆಗೆ ಒಂದೊಂದು ವಿಡಿಯೊ. ಸ್ಟೇಷನ್ ಊರಿಂದ ಸುಮಾರು 5 ಕಿಲೋಮೀಟರ್. ಆಟೊದಲ್ಲಿ ಕೂತು ಪೂರ್ತಿ ದಾರಿ ಶೂಟ್ ಮಾಡಿದೆ. ಅಜ್ಜಿಯ ಪ್ರಶ್ನೆಗೆ ನಮ್ಮ ಅಮ್ಮನನ್ನೇ ಕರೆದುಕೊಂಡು ಹೋದೆ. ಒಂದನೇ ಗುಹೆಗೆ ಮೆಟ್ಟಿಲು ಕಡಿಮೆ. ಹದಿನೆಂಟು ಕೈಯ ನಟರಾಜ ಅಲ್ಲೇ ಸಿಗುತ್ತಾನೆ. ಎರಡನೆಯದಕ್ಕೆ ಹೋಗುವಾಗ ಅಮ್ಮ ಒಂದು ಕಡೆ ಕೂತಳು. ಮೂರನೆಯದಕ್ಕೆ ಹೋಗುವ ಮೊದಲು ಇನ್ನೊಮ್ಮೆ ಕೂತಳು, ನೀರು ಕುಡಿದಳು, ನನ್ನನ್ನು ಬೈದಳು. ಅದೆಲ್ಲ ಹಾಗೇ ಇಟ್ಟೆ. ಮೂರನೇ ಗುಹೆಯ ಕಂಬಗಳ ನಡುವೆ ನಿಂತು, ‘ಇಲ್ಲೇ ಊರಾಗಿದ್ದು ಇದನ್ನ ಮೂವತ್ತು ವರ್ಷ ನೋಡಿದ್ದಿಲ್ಲ’ ಅಂದಳು. 578ರಲ್ಲಿ ಚಾಲುಕ್ಯರ ಮಂಗಳೇಶ ಮುಗಿಸಿದ ಗುಹೆ ಅದು. ಇಸವಿ ಹೇಳುವ ಶಾಸನ ಅಲ್ಲೇ ಕಂಬದ ಮೇಲಿದೆ. ನನ್ನ ವಿಡಿಯೊಗಳಲ್ಲಿ ಜನ ಅತಿ ಹೆಚ್ಚು ಸೇವ್ ಮಾಡಿದ್ದು ಅದನ್ನೇ. ಹೊರಡುವ ದಿನ ಮತ್ತೆ ತೆಗೆದು ನೋಡುತ್ತಾರೆ.

ಅಂದ ಹಾಗೆ ಅಲ್ಲಿ ಟ್ರೈಪಾಡ್ ಇಡಬೇಕಾದರೆ ಪುರಾತತ್ವ ಇಲಾಖೆಯ ಅನುಮತಿ ಬೇಕು. ಡ್ರೋನ್ ಅಂತೂ ಸುಮ್ನೆ ಹಾರಿಸುವ ಹಾಗೇ ಇಲ್ಲ. ಕೈಯಲ್ಲೇ ಹಿಡಿದು ಮಾಡಿ.

ಭಾಷೆ ವಿಷಯ. ಮೊದಲು ಇಂಗ್ಲಿಷಿನಲ್ಲಿ ಬರೆಯುತ್ತಿದ್ದೆ. ಫಾರಿನ್ನವರು ಬರುತ್ತಾರೆ, ಬಂಡೆ ಹತ್ತುವ ಹುಡುಗರು ಚಳಿಗಾಲದಲ್ಲಿ ಬರುತ್ತಾರೆ, ಅವರಿಗೆ ಅರ್ಥವಾಗಲಿ ಅಂತ. ಕನ್ನಡದಲ್ಲಿ ಮಾತಾಡಲು ಶುರು ಮಾಡಿದ ಮೇಲೆ ಹುಬ್ಬಳ್ಳಿ, ಬೆಳಗಾವಿ, ದಾವಣಗೆರೆ, ಮೈಸೂರಿನ ಮನೆಮಂದಿ ಫೋನ್ ಮಾಡತೊಡಗಿದರು. ಬಂದರೆ ಎರಡು ರೂಮು, ಮೂರು ರೂಮು ತಗೊಳ್ಳುತ್ತಾರೆ. ಅವರು ನೇರವಾಗಿ ಕೌಂಟರಿಗೆ ಫೋನ್ ಮಾಡಿದರೆ ಇಬ್ಬರಿಗೂ ಲಾಭ. ಬುಕಿಂಗ್ ಸೈಟುಗಳ ಕಮಿಷನ್ ಸಾಮಾನ್ಯವಾಗಿ ನೂರಕ್ಕೆ 15ರಿಂದ 25ರವರೆಗೆ ಇರುತ್ತದೆ. ಸೈಟುಗಳನ್ನು ಬಿಟ್ಟಿಲ್ಲ, ಹೊಸಬರು ನಮ್ಮನ್ನು ಮೊದಲು ಕಾಣುವುದು ಅಲ್ಲೇ ಜಾಸ್ತಿ. ಎರಡನೇ ಸಲ ಬರುವವರು ಮಾತ್ರ ಕಾಕಾಗೇ ಫೋನ್ ಮಾಡಲಿ ಅಂತ ಆಸೆ.

ಮೊದಲ ಮೂರು ಸೆಕೆಂಡಿನಲ್ಲಿ ಜನರನ್ನು ಹಿಡಿಯಬೇಕು ಅಂತ ಎಲ್ಲರೂ ಪಾಠ ಮಾಡುತ್ತಾರೆ. ನಾನು ಅದನ್ನು ಕಲಿತದ್ದು ಬನಶಂಕರಿ ಜಾತ್ರೆಯಲ್ಲಿ. ಜನವರಿಯಲ್ಲಿ ಜಾತ್ರೆ ಆದಾಗ ನಾಟಕ ಕಂಪನಿಗಳು ಟೆಂಟ್ ಹಾಕುತ್ತವೆ, ಗೊತ್ತಲ್ಲ. ಅವರ ಮೈಕಿನ ಆಟೊ ಓಣಿ ಓಣಿ ತಿರುಗುತ್ತದೆ. ನಮ್ಮ ಬಾಗಿಲು ದಾಟಿ ಹೋಗಲು ಅದಕ್ಕೆ ಎಷ್ಟು ಹೊತ್ತು ಬೇಕು? ಅಷ್ಟರಲ್ಲೇ ಆ ಮನುಷ್ಯ ನಿಮ್ಮನ್ನು ನಗಿಸಿ, ಸೊಸೆ ಅತ್ತೆಗೆ ಏನು ಮಾಡಿದಳು ಅನ್ನುವಲ್ಲಿಗೆ ನಿಲ್ಲಿಸಿ ಮುಂದಿನ ಓಣಿಗೆ ಹೋಗಿಬಿಡುತ್ತಾನೆ. ‘ನಮಸ್ಕಾರ ಸ್ನೇಹಿತರೇ, ಎಲ್ಲರೂ ಹೇಗಿದ್ದೀರಿ’ ಅಂತ ಒಂದು ದಿನವೂ ಶುರು ಮಾಡಿದ್ದನ್ನು ನಾನು ಕೇಳಿಲ್ಲ. ಆಮೇಲೆ ನಾನೂ ರೀಲುಗಳಲ್ಲಿ ಆ ನಮಸ್ಕಾರ ಬಿಟ್ಟೆ.

ಫ್ರೀ ರೂಮ್ ಕೇಳುವವರ ಬಗ್ಗೆ ಸ್ವಲ್ಪ ಹೇಳಲೇಬೇಕು. ಒಮ್ಮೆ ಒಬ್ಬರು ದೊಡ್ಡ ಅಕೌಂಟಿನವರು ಬಂದರು. ಎರಡು ರಾತ್ರಿ ಫ್ರೀ, ಊಟ ಫ್ರೀ. ವಿಡಿಯೊ ಚೆನ್ನಾಗಿಯೇ ಇತ್ತು, ಎರಡು ಲಕ್ಷ ಜನ ನೋಡಿದರು. ಬುಕಿಂಗ್ ಒಂದೂ ಇಲ್ಲ. ಅವರನ್ನು ನೋಡುವವರು ಬಟ್ಟೆ ನೋಡಲು ಬರುವವರು, ನಮ್ಮ ಗುಹೆ ಅವರಿಗೆ ಹಿಂದಿನ ಗೋಡೆ. ಮೇಲಾಗಿ ರೂಮ್ ಫ್ರೀ ಅಂತ ವಿಡಿಯೊದಲ್ಲಿ ಎಲ್ಲೂ ಹೇಳಿರಲಿಲ್ಲ. 2021ರಿಂದ ಜಾಹೀರಾತು ಮಾನದಂಡ ಮಂಡಳಿಯ ನಿಯಮವಿದೆ. ದುಡ್ಡು ಬೇಡ, ಫ್ರೀ ರೂಮ್ ತಗೊಂಡರೂ ಇದು ಜಾಹೀರಾತು ಅಂತ ಹಾಕಬೇಕು. ನನಗೂ ಆಗ ಗೊತ್ತಿರಲಿಲ್ಲ. ಈಗ ಮೊದಲೇ ಕೇಳುತ್ತೇನೆ. ಅರ್ಧ ಜನ ಅಲ್ಲೇ ಮಾತು ನಿಲ್ಲಿಸುತ್ತಾರೆ.

ಇನ್ನೊಬ್ಬರು ಬಂದಿದ್ದರು, ಗದಗ ಕಡೆಯ ಮೇಷ್ಟ್ರು. ಸಣ್ಣ ಅಕೌಂಟು, ಬರೀ ಶಾಸನ, ದೇವಸ್ಥಾನ. ರೂಮಿನ ಬಾಡಿಗೆ ಪೂರ್ತಿ ಕೊಟ್ಟರು, ಬೇಡ ಅಂದರೂ ಕೇಳಲಿಲ್ಲ. ಇಬ್ಬರ ಅಕೌಂಟಿನಲ್ಲೂ ಒಟ್ಟಿಗೆ ಕಾಣುವ ಹಾಗೆ ಕೊಲ್ಯಾಬ್ ಮಾಡಿ, ತಟ್ಟುಕೋಟೆಯ ಕಪ್ಪೆ ಅರಭಟ್ಟನ ಶಾಸನದ ಮೇಲೆ ಒಂದು ನಿಮಿಷದ ವಿಡಿಯೊ ಹಾಕಿದೆವು. ಶಾಲೆಯಲ್ಲಿ ಓದಿದ್ದೀರಲ್ಲ, ‘ಸಾಧುಗೆ ಸಾಧು, ಮಾಧುರ್ಯಂಗೆ ಮಾಧುರ್ಯಂ.’ ಅದೇ ವಾರ ಮೂರು ಕುಟುಂಬ ಬಂದವು. ಮೂರೂ ಮನೆಯಲ್ಲಿ ಒಬ್ಬೊಬ್ಬರು ಮೇಷ್ಟ್ರು!

ಗೂಗಲ್ ರಿವ್ಯೂಗೆ ಉತ್ತರ ಬರೆಯುವಾಗಲೂ ನನಗೆ ಆ ಅರಭಟ್ಟನೇ ನೆನಪಾಗುವುದು. ಆದರೆ ಶಾಸನದ ಮುಂದಿನ ಸಾಲಿಗೆ ನಾನು ಹೋಗಲ್ಲ. ಕಾಟ ಕೊಟ್ಟವರ ಮೇಲೆ ತಿರುಗಿ ಬೀಳುವುದು ಅವನಿಗೆ ಚೆಂದ, ಹೋಟೆಲಿನವನಿಗೆ ಅಲ್ಲ.

ಮಧ್ಯಾಹ್ನ ಮೂರು ಗಂಟೆ. ಈ ಬಂಡೆ ನೋಡಿ. ಬರೀ ಕಲ್ಲು, ಒಣಗಿ ಕೂತಿದೆ. ನನ್ನ ದೊಡ್ಡ ತಪ್ಪು ಆದದ್ದು ಇಲ್ಲೇ. ಇದು ಅಕ್ಕ-ತಂಗಿಯರ ಜಲಪಾತ. ಜೋರು ಮಳೆ ಬಿದ್ದಾಗ ಮಾತ್ರ ಕೆಂಪು ಬಂಡೆಯ ಮೇಲಿಂದ ಅಗಸ್ತ್ಯ ಹೊಂಡದ ಕಡೆಗೆ ನೀರು ಇಳಿಯುತ್ತದೆ. ಒಂದು ಆಗಸ್ಟಿನಲ್ಲಿ ತೊಯ್ದು ತೊಪ್ಪೆಯಾಗಿ ಅದನ್ನು ಶೂಟ್ ಮಾಡಿದೆ. ‘ಬಾದಾಮಿ ಹೀಗೂ ಇರುತ್ತೆ’ ಅಂತಷ್ಟೇ ಬರೆದೆ. ಸಾಧಾರಣವಾಗಿ ಓಡಿತು, ನಿಂತಿತು. ರೀಲಿಗೆ ತಾರೀಕು ಯಾರು ನೋಡುತ್ತಾರೆ? ಫೆಬ್ರವರಿಯಲ್ಲಿ ಯಾಕೋ ಅದು ಮತ್ತೆ ಎದ್ದು ಓಡತೊಡಗಿತು. ಫಾಲೋವರ್ಸ್ ದಿನಕ್ಕೆ ಸಾವಿರದ ಲೆಕ್ಕದಲ್ಲಿ ಬಂದರು. ನಾನು ಹಿಗ್ಗಿ ಹೀರೆಕಾಯಿ.

ಒಂದು ಶನಿವಾರ ಬೆಂಗಳೂರಿಂದ ಒಂದು ಕುಟುಂಬ ಬಂತು. ರಾತ್ರಿಯೆಲ್ಲ ಕಾರು ಓಡಿಸಿಕೊಂಡು, ಸುಮಾರು 450 ಕಿಲೋಮೀಟರ್. ಚಿಕ್ಕ ಹುಡುಗಿ ಆಗಲೇ ರೇನ್‌ಕೋಟ್ ಹಾಕಿಕೊಂಡು ರೆಡಿ. ಗುಲಾಬಿ ಬಣ್ಣದ್ದು. ಅವರಪ್ಪ ಫೋನ್ ತೆಗೆದು ನನ್ನ ವಿಡಿಯೊ ನನಗೇ ತೋರಿಸಿ, ‘ಇದು ಎಲ್ಲಿ?’ ಅಂದರು. ನಾನು ಈ ಒಣ ಬಂಡೆ ತೋರಿಸಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಹುಡುಗಿ ರೇನ್‌ಕೋಟ್ ಬಿಚ್ಚಲಿಲ್ಲ, ಆ ಬಿಸಿಲಿನಲ್ಲೇ ಮಧ್ಯಾಹ್ನದವರೆಗೂ ಹಾಕಿಕೊಂಡಿದ್ದಳು.

ಒಂದು ದಿನದ ಬಾಡಿಗೆ ತಗೊಳ್ಳಲಿಲ್ಲ. ಸಂಜೆ ಅವರನ್ನು ಭೂತನಾಥನ ಗುಡಿಗೆ ಕರೆದುಕೊಂಡು ಹೋದೆ. ಅದು ಪಡುವಣಕ್ಕೆ ಮುಖ ಮಾಡಿದೆ. ಹೊತ್ತು ಮುಳುಗುವಾಗ ಗುಡಿಗೂ ಹಿಂದಿನ ಬಂಡೆಗೂ ಬಣ್ಣ ಹಚ್ಚಿದ ಹಾಗೆ ಆಗುತ್ತದೆ. ಅವರಿಗೆ ಸಮಾಧಾನವಾಯಿತೋ ಇಲ್ಲವೋ ಕೇಳುವ ಧೈರ್ಯ ನನಗಿರಲಿಲ್ಲ. ಅವತ್ತು ರಾತ್ರಿಯೇ ಆ ರೀಲ್ ತೆಗೆದುಹಾಕಿದೆ. ಓಡುತ್ತಿರುವ ವಿಡಿಯೊ ತೆಗೆದುಹಾಕುತ್ತೀಯಾ, ಹುಚ್ಚಾ ಅಂತ ಗೆಳೆಯರು ಬೈದರು. ಮಳೆಗಾಲ ಬಂದ ಮೇಲೆ ಮತ್ತೆ ಹಾಕಿದೆ, ಈ ಸಲ ಪರದೆ ಮೇಲೆ ದೊಡ್ಡದಾಗಿ, ‘ಮಳೆ ಬಂದಾಗ ಮಾತ್ರ. ಫೋನ್ ಮಾಡಿ ಕೇಳಿ ಬನ್ನಿ.’ ಮೊದಲಿನಷ್ಟು ಓಡಲಿಲ್ಲ. ಫೋನ್ ಮಾತ್ರ ಜಾಸ್ತಿ ಬಂತು. ಈಗ ಪ್ರತಿ ವಿಡಿಯೊದ ಮೂಲೆಯಲ್ಲಿ ತಿಂಗಳ ಹೆಸರು ಇರುತ್ತದೆ, ಗಮನಿಸಿರಬಹುದು.

ಸಂಜೆ ಆರು. ಫಾಲೋವರ್ಸ್ ಈಗ ನಲವತ್ತು ಸಾವಿರ ದಾಟಿದ್ದಾರೆ. ನಮ್ಮ ರೂಮು ಇನ್ನೂ ಹದಿನಾಲ್ಕೇ. ಹದಿನೈದನೆಯದು ಕಟ್ಟೋಣ ಅಂದರೆ ಅಪ್ಪ ಬೇಡ ಅನ್ನುತ್ತಾರೆ. ಆ ಜಗಳ ಇನ್ನೊಂದು ವ್ಲಾಗಿನಲ್ಲಿ.

ಸದ್ಯ ಕೌಂಟರಿನಲ್ಲಿ ಫೋನ್ ಬಂತು. ಕ್ಯಾಮೆರಾ ಇಲ್ಲೇ ಇಟ್ಟು ಸುಮ್ನೆ ಕೇಳೋಣ.

‘ಹಾಂ, ಐತ್ರೀ, ರೂಮ್ ಐತಿ. ಎಷ್ಟ್ ಮಂದಿ ಅದೀರಿ? ಸಣ್ಣ ಹುಡುಗ್ರು ಅದಾರೇನು? ನಿಲ್ರಿ, ನಿಲ್ರಿ, ಮೊದ್ಲ ಒಂದು ಹೇಳ್ರಿ. ನೀವು ಯಾವ ವಿಡಿಯೊ ನೋಡಿ ಫೋನ್ ಮಾಡಾಕತ್ತೀರಿ? ನೀರಿಂದಾ, ರೊಟ್ಟಿದಾ?’