35 ಹೆಂಗ್ರೀ ಪ್ರೈಮ್ ಆಯ್ತು?

[ಪರದೆ: ಔಟ್‌ಪುಟ್ 33]

2ರಿಂದ 100ರವರೆಗೆ ಅವಿಭಾಜ್ಯ ಸಂಖ್ಯೆಗಳು 25. ಸಂಖ್ಯೆ ಪ್ರೈಮ್, ಅಂದ್ರೆ ಅವಿಭಾಜ್ಯ, ಹೌದೋ ಅಲ್ಲವೋ ನೋಡೋ ಈ ಪೈಥಾನ್ ಫಂಕ್ಷನ್ (ಪ್ರೋಗ್ರಾಂ ತುಣುಕು) ಎಣಿಸಿಕೊಟ್ಟಿದ್ದು 33. ಎರರ್ ಇಲ್ಲ, ವಾರ್ನಿಂಗ್ ಇಲ್ಲ, ಒಂಚೂರು ನಾಚಿಕೆಯೂ ಇಲ್ಲ. ಕರೆಯದೆ ಬಂದ ಈ ಎಂಟು ನೆಂಟರು ಯಾರು?

ಬೇಸಿಕ್ಸ್ ಬೇಗ ಮುಗಿಸೋಣ. 2ರಿಂದ ಒಂದೊಂದಾಗಿ ಭಾಗಿಸಿ ನೋಡೋದು. ಶೇಷ ಸೊನ್ನೆ ಬಂದ ಕೂಡಲೇ ಫಾಲ್ಸ್ (ಪ್ರೈಮ್ ಅಲ್ಲ), ಲೂಪ್, ಅಂದ್ರೆ ಈ ಭಾಗಿಸೋ ಸರದಿ, ಪೂರ್ತಿ ಮುಗಿದ್ರೆ ಟ್ರೂ (ಪ್ರೈಮ್). ವರ್ಗಮೂಲದವರೆಗೆ ಹೋದ್ರೆ ಸಾಕು: ಅಪವರ್ತನಗಳು ಜೋಡಿಯಾಗಿ ಬರ್ತವೆ, ಜೋಡಿಯಲ್ಲಿ ಚಿಕ್ಕದು ವರ್ಗಮೂಲ ದಾಟಲ್ಲ. 10,00,003 ಪ್ರೈಮ್ ಅನ್ನೋಕೆ ಹತ್ತು ಲಕ್ಷ ಭಾಗಾಕಾರದ ಬದಲು 999.

[ಪರದೆ: ರೇಂಜ್(2, ಮೂಲ), ಕೆಂಪು ವೃತ್ತ]

ಎಡವಿದ್ದು ಇಲ್ಲಿ. ಲೂಪ್ ಎಲ್ಲಿಂದ ಎಲ್ಲಿಗೆ ಅಂತ ಹೇಳೋದು ರೇಂಜ್; ಮೂಲ ಅಂದ್ರೆ ವರ್ಗಮೂಲ. ರೇಂಜ್‌ನ ಕೊನೆಯ ಸಂಖ್ಯೆ ಲೂಪ್‌ಗೆ ಸೇರಲ್ಲ. 25ರ ಮೂಲ 5. ಲೂಪ್ 2, 3, 4 ನೋಡಿ ವಾಪಸ್. ಬಾಗಿಲ ತನಕ ಹೋಗಿ ತಟ್ಟದೆ ಬಂದ ಹಾಗೆ. ಹಾಗಾದ್ರೆ ವರ್ಗಸಂಖ್ಯೆಗಳಿಗೆ ಮಾತ್ರ ತೊಂದ್ರೆ ಅಂತೀರಾ? ಪಟ್ಟಿ ನೋಡಿ: 4, 6, 8, 9, 15, 25, 35, 49.

35 ಯಾರ ವರ್ಗ ಸ್ವಾಮಿ? ಅದರ ಮೂಲ 5.9, ದಶಾಂಶ ಕತ್ತರಿಸಿದ್ರೆ 5. ಅದರ ಅತಿ ಚಿಕ್ಕ ಅಪವರ್ತನವೂ 5. ಲೂಪ್ ಬಿಟ್ಟಿದ್ದು ಸರಿಯಾಗಿ ಅದನ್ನೇ! 15 ಅಂದ್ರೆ 3×5, 35 ಅಂದ್ರೆ 5×7, ಮುಂದೆ 143 ಬರುತ್ತೆ, 11×13. ಎಲ್ಲವೂ ಎರಡರ ಅಂತರದ ಅವಳಿ ಅವಿಭಾಜ್ಯಗಳ ಗುಣಲಬ್ಧ. 7×9? 63ನ್ನು 3 ಮೊದಲೇ ಹಿಡಿಯುತ್ತೆ. 7×11? 77ರ ಮೂಲ 8, ಲೂಪ್ 7ನ್ನು ಮುಟ್ಟುತ್ತೆ. 4, 6, 8 ಬಿಟ್ರೆ ನುಸುಳೋದು ಎರಡೇ ಜಾತಿ: ಅವಿಭಾಜ್ಯಗಳ ವರ್ಗ, ಅವಳಿಗಳ ಗುಣಲಬ್ಧ. ಅವಳಿಗಳು ಅನಂತವೋ ಅಲ್ಲವೋ ಅಂತ ಇವತ್ತಿಗೂ ಯಾರೂ ಸಾಧಿಸಿಲ್ಲ. ತಪ್ಪು ಮಾಡಿದ್ರೂ ಇಷ್ಟು ಅಂದವಾಗಿ ಮಾಡಬೇಕು.

ರಿಪೇರಿ: ಮೂಲ + 1. ಅದಕ್ಕಿಂತ ವೈಲ್ ಐ×ಐ ≤ ಎನ್ ವಾಸಿ: ಭಾಜಕ ಐನ ವರ್ಗ, ಪರೀಕ್ಷಿಸೋ ಸಂಖ್ಯೆ ಎನ್ ದಾಟೋವರೆಗೆ ಲೂಪ್ ಓಡಲಿ. ವರ್ಗಮೂಲದ ತಂಟೆಯೇ ಇಲ್ಲ.

ಟೈಮ್ ಆಗ್ತಿದೆ, ಉಳಿದದ್ದು ಸರಸರ. 2ಕ್ಕಿಂತ ಚಿಕ್ಕದಕ್ಕೆ ಮೊದಲೇ ಫಾಲ್ಸ್, ಇಲ್ಲಾಂದ್ರೆ 1 ಪ್ರೈಮ್ ಆಗಿ ಮೆರೆಯುತ್ತೆ. ರಿಟರ್ನ್ ಟ್ರೂ ಲೂಪ್‌ನ ಹೊರಗಿರಲಿ. ಒಳಗೆ ಎಲ್ಸ್‌ನಲ್ಲಿಟ್ರೆ 2ರಿಂದ ಭಾಗವಾಗದ 9ಕ್ಕೂ ಟ್ರೂ. ದೊಡ್ಡ ಪಟ್ಟಿ ಬೇಕಾ? ಎರಟಾಸ್ತನೀಸ್ ಜರಡಿ (ಪ್ರತಿ ಪ್ರೈಮ್‌ನ ಮಗ್ಗಿ ಅಳಿಸುತ್ತಾ ಹೋದ್ರೆ ಉಳಿಯೋದೇ ಪ್ರೈಮ್): ಎನ್‌ವರೆಗೆ ಬೇಕಾದ್ರೆ ಎನ್+1 ಉದ್ದದ ಲಿಸ್ಟ್, 7ರ ಮಗ್ಗಿಯನ್ನು 49ರಿಂದ ಅಳಿಸಿ, 14, 21 ಎಲ್ಲ ಆಗಲೇ ಹೋಗಿರ್ತವೆ. ತಾಳೆ ನೋಡೋಕೆ: 1000ದೊಳಗೆ 168, ಹತ್ತು ಲಕ್ಷದೊಳಗೆ 78,498. ಲೆಕ್ಕ ಜಾಸ್ತಿ ಬಂದ್ರೆ ಮೊದಲು 35ನ್ನೇ ಕೊಟ್ಟು ನೋಡಿ.