ತಿಂಗಳಾ ತಿಂಗಳಾ ಬರುತ್ತಿದ್ದ ಪಿಂಚಣಿ

ನಮಸ್ಕಾರ. ಹೋದ ವರ್ಷ ಅಪ್ಪ ತೀರಿಕೊಂಡಾಗ ನಮ್ಮೂರಲ್ಲಿ ಶ್ರದ್ಧಾಂಜಲಿ ಸಭೆ ಇಟ್ಟಿದ್ದರು. ಆಳಂದ ತಾಲ್ಲೂಕಿನ ಸಣ್ಣ ಊರು ನಮ್ಮದು. ಮಾತಾಡಿದವರೆಲ್ಲ ಹೇಳಿದ್ದು ಎರಡೇ ಮಾತು: ದೇಶ ಕಾದವರು, ಕೊಡುಗೈ ದೊರೆ. ಒಬ್ಬರಂತೂ ಕಲಬುರಗಿಯ ಶರಣಬಸವೇಶ್ವರರಿಗೇ ಹೋಲಿಸಿಬಿಟ್ಟರು. ಹೊಲದಲ್ಲಿ ಜೋಳ ತಿನ್ನಲು ಬಂದ ಹಕ್ಕಿಗಳನ್ನು ಓಡಿಸದೆ, ಕುಡಿಯಲು ನೀರನ್ನೂ ಇಟ್ಟರು ಅಂತ ನಾವು ನೆನೆಯುವ ಶರಣರು ಅವರು. ಅದನ್ನು ಕೇಳಿದ್ದರೆ ಅಪ್ಪ ಎದ್ದು ಹೊರಗೆ ಹೋಗುತ್ತಿದ್ದರು.

ಅಪ್ಪನ ಕೈ ದೊಡ್ಡದು, ಸುಳ್ಳಲ್ಲ. ಆದರೆ ಆ ಕೈಗೆ ತಿಂಗಳಾ ತಿಂಗಳಾ ಪಿಂಚಣಿ ಬರುತ್ತಿತ್ತು. ಆ ಕೈಯ ಹಿಂದೆ ಅವ್ವನ ದುಡಿಮೆ ಇತ್ತು. ಇದನ್ನು ಹೇಳಿದರೆ ಅಪ್ಪನ ಮರ್ಯಾದೆ ಕಮ್ಮಿ ಆಗುತ್ತದೆ ಅಂತ ಕೆಲವರಿಗೆ ಅನಿಸುತ್ತದೆ. ನನಗೆ ಹಾಗೇನೂ ಅನಿಸುವುದಿಲ್ಲ.

ಅಪ್ಪ ಸೇನೆಯಲ್ಲಿ ಡ್ರೈವರ್. ಆರ್ಮಿ ಸರ್ವಿಸ್ ಕೋರ್, ಅಂದರೆ ರೇಷನ್, ಎಣ್ಣೆ ಸಾಗಿಸುವ ವಿಭಾಗ. ಯುದ್ಧದ ಕಥೆ ಕೇಳಲು ಬಂದ ಹುಡುಗರಿಗೆ ಬರೀ ನಿರಾಸೆ. ಅಪ್ಪನ ಕಥೆಗಳಲ್ಲಿ ಇದ್ದದ್ದು ಹಿಟ್ಟು, ಬೇಳೆ, ಸೀಮೆಎಣ್ಣೆ! ಶ್ರೀನಗರದಿಂದ ಲಡಾಖ್‌ಗೆ ಹೋಗುವಾಗ ಜೋಜಿಲಾ ಘಾಟ್ ಹತ್ತಬೇಕು. ಸುಮಾರು 11,500 ಅಡಿ ಎತ್ತರ. ಚಳಿಗಾಲದಲ್ಲಿ ಹಿಮ ಬಿದ್ದು ದಾರಿ ಮುಚ್ಚುತ್ತದೆ. ಅಷ್ಟರೊಳಗೆ ಆಚೆಗಿರುವ ಜವಾನರಿಗೆ ಇಡೀ ಚಳಿಗಾಲದ ರೇಷನ್ ಮುಟ್ಟಿಸಬೇಕು. "ಬೇಕು ಅಂತ ಕೇಳೂದ್ರಾಗ ದಾರಿ ಬಂದ್ ಆಗಿರ್ತದ" ಅನ್ನುತ್ತಿದ್ದರು ಅಪ್ಪ. ಊರಿಗೆ ಬಂದ ಮೇಲೂ ಆ ಬುದ್ಧಿ ಹೋಗಲಿಲ್ಲ. ಸುಗ್ಗಿಯಲ್ಲಿ ಜೋಳ ಅಗ್ಗ ಇದ್ದಾಗ ನಮಗೆ ಬೇಕಾದ್ದಕ್ಕಿಂತ ಜಾಸ್ತಿ ಚೀಲ ಇಳಿಸುತ್ತಿದ್ದರು. ಯಾರ ಮನೆಗೆ ಅಂತ ನಾವು ಕೇಳುತ್ತಿರಲಿಲ್ಲ. ಮಳೆಗಾಲದಲ್ಲಿ ತಾನೇ ಗೊತ್ತಾಗುತ್ತಿತ್ತು.

ಜವಾನರಿಗೆ ಪಿಂಚಣಿ ಸಿಗಲು ಕನಿಷ್ಠ 15 ವರ್ಷ ಸೇವೆ ಆಗಿರಬೇಕು. ಅಪ್ಪ ಅದನ್ನು ಮುಗಿಸಿ, ವಯಸ್ಸು 40 ತುಂಬುವ ಮೊದಲೇ ಊರು ಸೇರಿದರು. ಈಗ ನಮ್ಮ ಊರಿನ ಲೆಕ್ಕ ನೋಡಿ. ನಮ್ಮದು ಮಳೆ ನಂಬಿದ ತೊಗರಿ ನಾಡು. ಜೂನ್, ಜುಲೈಯಲ್ಲಿ ಬಿತ್ತನೆ. ರಾಶಿ ಆಗುವುದು ಡಿಸೆಂಬರ್, ಜನವರಿಯಲ್ಲಿ. ರೊಕ್ಕ ಬರುವುದು ವರ್ಷಕ್ಕೊಮ್ಮೆ. ಬೀಜ, ಗೊಬ್ಬರ, ಮಕ್ಕಳ ಶಾಲೆ, ಎಲ್ಲಾ ಖರ್ಚು ಬಂದು ಬೀಳುವುದು ಮಾತ್ರ ಜೂನ್‌ನಲ್ಲೇ. ಕಲಬುರಗಿ ತೊಗರಿಗೆ 2019ರಲ್ಲಿ ಜಿಐ ಟ್ಯಾಗ್, ಅಂದರೆ ಇದು ಈ ನೆಲದ್ದೇ ಬೆಳೆ ಅನ್ನುವ ಗುರುತು, ಸಿಕ್ಕಿತು, ಖುಷಿ. ಆದರೆ ಜೂನ್ ತಿಂಗಳ ಖಾಲಿ ಜೇಬು ಖಾಲಿಯೇ ಇದೆ ಬಿಡಿ.

ಸಾವ್ಕಾರನ ಹತ್ತಿರ ಹೋದರೆ ತಿಂಗಳಿಗೆ ನೂರಕ್ಕೆ ಮೂರು ಬಡ್ಡಿ. ಅಂಥ ಊರಲ್ಲಿ ತಿಂಗಳು ತಪ್ಪದೆ ನಗದು ಬರುವ ಮನೆ ಎಷ್ಟಿರುತ್ತವೆ? ಹಾಗಾಗಿ ಜನ 'ಮಿಲಿಟ್ರಿ ಕಾಕಾ' ಅಂತ ನಮ್ಮ ಬಾಗಿಲಿಗೆ ಬಂದರು. ಅಪ್ಪ ಬಡ್ಡಿ ಕೇಳಲಿಲ್ಲ, ಬರೆದೂ ಇಡಲಿಲ್ಲ. ಪಿಂಚಣಿ ಬಂದವರೆಲ್ಲ ಹೀಗೆ ಕೊಡುತ್ತಾರಾ? ಇಲ್ಲ. ಅದು ಅಪ್ಪನದೇ ಗುಣ. ಪಿಂಚಣಿ ಇಲ್ಲದಿದ್ದರೆ ಆ ಗುಣ ಇಟ್ಟುಕೊಂಡು ಅಪ್ಪ ಏನು ಮಾಡಬೇಕಿತ್ತು?

ಇನ್ನು ಅವ್ವ. ಮಿಲಿಟ್ರಿಯವರ ಹೆಂಡತಿ ಆಗಿಯೂ ಬೇರೆಯವರ ಹೊಲಕ್ಕೆ ಕಳೆ ತೆಗೆಯಲು ಕೂಲಿಗೆ ಹೋಗುತ್ತಿದ್ದಳು. "ಕೊಡಾವ್ರು ಅವ್ರು, ಹಿಟ್ಟಿನ ಡಬ್ಬಿ ನೋಡಾಕಿ ನಾನು" ಅಂತ ಅಪ್ಪನ ಎದುರೇ ಅನ್ನುತ್ತಿದ್ದಳು. ಅಪ್ಪ ಸುಮ್ನೆ ಚಾ ಕುಡಿಯುತ್ತಿದ್ದರು. ಶ್ರದ್ಧಾಂಜಲಿ ಸಭೆಯಲ್ಲಿ ಅವ್ವನ ಹೆಸರನ್ನು ಒಬ್ಬರೂ ಎತ್ತಲಿಲ್ಲ.

ಈಗಲೂ ನಸುಕಿನಲ್ಲಿ ನಮ್ಮೂರ ಹುಡುಗರು ಭರ್ತಿಗಾಗಿ 1600 ಮೀಟರ್ ಓಡುತ್ತಾರೆ. ಅಪ್ಪನೇ ಎಷ್ಟೋ ಜನರನ್ನು ಓಡಿಸಿದ್ದರು. ಆದರೆ 2022ರಿಂದ ಜವಾನರ ಭರ್ತಿ ಅಗ್ನಿಪಥ ಯೋಜನೆಯಲ್ಲಿ. 4 ವರ್ಷ ಸೇವೆ, ಆಮೇಲೆ ಶೇಕಡಾ 25ರವರೆಗೆ ಮಾತ್ರ ಉಳಿಸಿಕೊಳ್ಳುತ್ತಾರೆ. ಉಳಿದವರಿಗೆ ಸುಮಾರು 11.7 ಲಕ್ಷ ರೂಪಾಯಿ ಸೇವಾ ನಿಧಿ ಅಂತ ಒಂದೇ ಸಲ ಕೊಡುತ್ತಾರೆ, ಪಿಂಚಣಿ ಇಲ್ಲ. ಪಿಂಚಣಿಯ ಹೊರೆ ಇಳಿಯಬೇಕು, ಸೇನೆಯ ವಯಸ್ಸು ಕಮ್ಮಿ ಆಗಬೇಕು ಅನ್ನುವ ವಾದ ನನಗೂ ಗೊತ್ತು. ನಾನು ಒಪ್ಪುವುದಿಲ್ಲ. 11 ಲಕ್ಷ ನಮ್ಮ ಕಡೆ ಹೇಗೆ ಕರಗುತ್ತದೆ ಹೇಳಲಾ? ಊರಿಗೆ ವಾಪಸ್ ಬಂದ ಹುಡುಗನಿಗೆ ಒಂದು ಬೋರ್‌ವೆಲ್, ತಂಗಿಯ ಮದುವೆ, ಅವನಪ್ಪನ ಹಳೆಯ ಸಾಲ. ಮುಗೀತು. ಆ ಹುಡುಗನ ಮನಸ್ಸು ನಮ್ಮಪ್ಪನಷ್ಟೇ ದೊಡ್ಡದಿರಬಹುದು. ಆದರೆ ಜೂನ್‌ನಲ್ಲಿ ಅವನೂ ಸಾವ್ಕಾರನ ಮುಂದೆಯೇ ನಿಲ್ಲಬೇಕಾಗುತ್ತದೆ, ಅಲ್ವಾ?

ಅವ್ವನಿಗೆ ಈಗ ಬರುವುದು ಕುಟುಂಬ ಪಿಂಚಣಿ. ಸಾಮಾನ್ಯ ದರದಲ್ಲಿ ಅದು ಕೊನೆಯ ಸಂಬಳದ ಶೇಕಡಾ 30. ಅಪ್ಪ ಹೋದ ಮೇಲೆ ಕೆಲವರು ಹಳೆಯ ಸಾಲ ವಾಪಸ್ ಕೊಡಲು ತಾವಾಗಿಯೇ ಬಂದರು. "ಬ್ಯಾಡ ಅನ್ನು, ಅವರ ಹೆಸರು ಉಳೀತದ" ಅಂತ ನೆಂಟರು ಬುದ್ಧಿ ಹೇಳಿದರು. ಅವ್ವ ಎಣಿಸಿ ತಗೊಂಡಳು. ಅಪ್ಪ ತಗೊಳ್ಳುತ್ತಿರಲಿಲ್ಲ. ಆದರೆ ಆ ರೊಕ್ಕದಲ್ಲಿ ಕಳೆ ತೆಗೆದ ಕೂಲಿಯೂ ಇತ್ತಲ್ಲ? ಇನ್ನೂ ಕೊಡುವುದು ಬಾಕಿ ಇರುವವರು ಈ ವಿಡಿಯೊ ನೋಡುತ್ತಿದ್ದರೆ, ಮನೆ ಅಲ್ಲೇ ಇದೆ. ಚಾ ಕುಡಿಯಲು ಬನ್ನಿ.