ರ‍್ಯಾಂಪ್ ನೋಡಿದ್ದಾಯ್ತು, ನೆಲ ತೋರಿಸ್ರಿ

ನಮಸ್ಕಾರ ರೀ. ಇವತ್ತು ಉಣಕಲ್ ಕೆರೆ ದಂಡೆ ಮೇಲೆ ಹೊಸ ಸ್ಕೂಟರ್ ಓಡಿಸಿ ತೋರಿಸಬೇಕಾಗಿತ್ತು. ಅರ್ಧ ವಿಡಿಯೋ ಆಗಲೇ ತಯಾರಾಗಿದೆ. ಆದರೆ ನಿನ್ನೆ ರಾತ್ರಿ ಮಲಗುವ ಮುಂಚೆ ಕಮೆಂಟ್ ಓದುವ ತಪ್ಪು ಮಾಡಿದೆ.

ಹೋದ ವಾರ ವೀಲ್‌ಚೇರ್ ಹತ್ತಿಸುವ ವ್ಯಾನ್‌ಗಳ ಬಗ್ಗೆ ಎರಡು ನಿಮಿಷ ಮಾತಾಡಿದ್ದೆ. ಅದರ ಕೆಳಗೆ ಒಬ್ಬ ಪುಣ್ಯಾತ್ಮ ಬರೆದಿದ್ದಾನೆ: "ಅಣ್ಣಾ, ಇದೇನ್ ರಾಕೆಟ್ ಏನ್ರೀ? ಹಿಂದಿನ ಸೀಟ್ ಕಿತ್ತು ಒಗೀರಿ, ಒಂದು ರ‍್ಯಾಂಪ್ ಇಡ್ರಿ, ಮುಗೀತು." ಅದಕ್ಕೆ 46 ಲೈಕ್. ಅದರಲ್ಲಿ ಒಂದು ನನ್ನ ಎಡಿಟರ್‌ದು. ಅವನಿಗೆ ಈ ತಿಂಗಳು ಗಿರಮಿಟ್ ಬಂದ್.

ಮುಗೀತಂತೆ! ಹತ್ತಿಸಿದ ಮೇಲೆ ಗಾಡಿ ಓಡಬೇಕಲ್ವಾ?

ಕೇಳಿ. ಕಳೆದ ತಿಂಗಳು ಹಾವೇರಿಯಲ್ಲಿ ನಮ್ಮ ಮನೆತನದ ಮದುವೆ. ನಮ್ಮ ಸೋದರತ್ತೆಗೆ 71 ವರ್ಷ, ನಾಲ್ಕು ವರ್ಷದಿಂದ ವೀಲ್‌ಚೇರ್. ನಾಲಿಗೆ ಮಾತ್ರ ಇನ್ನೂ ಟಾಪ್ ಗೇರ್. ಅವಳಿಗಾಗಿ ಹುಬ್ಬಳ್ಳಿಯಲ್ಲಿ ಒಂದು "ವೀಲ್‌ಚೇರ್ ಗಾಡಿ" ಬಾಡಿಗೆಗೆ ಹಿಡಿದೆವು. ಯಾರದು ಅಂತ ಹೇಳುವುದಿಲ್ಲ. ರ‍್ಯಾಂಪ್ ಏನು ಹೊಳಪು ಅಂತೀರಿ! ಅದರಲ್ಲಿ ಮುಖ ನೋಡಿಕೊಂಡು ಗಡ್ಡ ಬೋಳಿಸಬಹುದು. ಒಳಗೆ ಹೋದರೆ, ಕಿತ್ತ ಸೀಟಿನ ನಾಲ್ಕು ಬೋಲ್ಟ್ ತುದಿ ನೆಲದಿಂದ ಹಾಗೇ ಎದ್ದು ನಿಂತಿವೆ. ಅವು ಕಾಣಲಿ ಅಂತ ಮ್ಯಾಟಿಗೆ ದುಂಡಗೆ, ಅಚ್ಚುಕಟ್ಟಾಗಿ ತೂತು ಬೇರೆ ಮಾಡಿದ್ದಾರೆ.

ಕುರ್ಚಿಯ ಮುಂದಿನ ಸಣ್ಣ ಚಕ್ರ ಒಂದು ಬೋಲ್ಟಿಗೆ ಸಿಕ್ಕಿಕೊಂಡಿತು. ಡ್ರೈವರ್ ಎತ್ತಿ ಈಚೆ ಇಟ್ಟ. ಆಮೇಲೆ ನೀಲಿ ನೈಲಾನ್ ಹಗ್ಗ ತೆಗೆದು, ಕುರ್ಚಿಯ ದೊಡ್ಡ ಚಕ್ರಕ್ಕೂ ಪಕ್ಕದ ಸೀಟಿನ ಕಾಲಿಗೂ ಸೇರಿಸಿ ಒಂದು ಗಂಟು ಹಾಕಿದ. ಅತ್ತೆ ನೋಡಿದಳು. "ತಮ್ಮಾ, ನಮ್ಮ ಎಮ್ಮಿ ಕಣ್ಣಿ ಇದಕ್ಕಿಂತ ಗಟ್ಟಿ ಇತ್ತಪಾ" ಅಂದಳು.

ತಡಸ ಕ್ರಾಸ್ ದಾಟಿದ್ದೆವು, ಶಿಗ್ಗಾಂವಿ ಇನ್ನೂ ಬಂದಿರಲಿಲ್ಲ. ಟ್ರ್ಯಾಕ್ಟರ್ ಅಡ್ಡ ಬಂತು. ಬ್ರೇಕ್ ಬಿತ್ತು. ಅಂಥಾ ಜೋರು ಬ್ರೇಕೂ ಅಲ್ಲ. ಕುರ್ಚಿ ಗಿರಕ್ಕನೆ ಅರ್ಧ ಸುತ್ತು ತಿರುಗಿತು. ಅತ್ತೆಯ ಮೊಣಕಾಲು ಮುಂದಿನ ಸೀಟಿನ ಕಬ್ಬಿಣಕ್ಕೆ ಬಡಿಯಿತು. ತೊಡೆ ಮೇಲಿದ್ದ ಶೇಂಗಾ ಹೋಳಿಗೆ ಡಬ್ಬಿ ಹೋಗಿ ಡ್ರೈವರ್ ಕಾಲ ಹತ್ತಿರ ನಿಂತಿತು. ಅಲ್ಲಿಂದ ಹಾವೇರಿವರೆಗೆ ನಾನು ಹೊಸ ಜುಬ್ಬಾ ಹಾಕಿಕೊಂಡು ನೆಲದ ಮೇಲೆ ಕುಳಿತು, ಎರಡೂ ಕೈಯಲ್ಲಿ ಚಕ್ರ ಹಿಡಿದುಕೊಂಡು ಹೋದೆ. ಹಾಗೆ ಕುಳಿತಾಗಲೇ ನನಗೆ ಜ್ಞಾನೋದಯ ಆಗಿದ್ದು. ವೀಲ್‌ಚೇರ್ ಗಾಡಿ ಅಂತ ಯಾರೇ ಹೇಳಲಿ, ಒಂದೇ ಮಾತು ಕೇಳಬೇಕು. ನೆಲ ತೋರಿಸ್ರಿ.

ನೆಲದಲ್ಲಿ ಏನಿರುತ್ತೆ ಅಂತ ಕೇಳಬೇಡಿ, ಹೇಳುತ್ತೇನೆ. ಸರಿಯಾಗಿ ಮಾಡಿದ ಗಾಡಿಯಲ್ಲಿ ನೆಲದ ಉದ್ದಕ್ಕೂ ಅಲ್ಯೂಮಿನಿಯಂ ಹಳಿ ಹೂತಿರುತ್ತಾರೆ. ಟ್ರ್ಯಾಕ್ ಅಂತಾರೆ. ನೆಲದ ಮಟ್ಟಕ್ಕೇ ಇರುತ್ತೆ, ಚಕ್ರ ಎಡವುವುದಿಲ್ಲ. ವಿಮಾನದಲ್ಲಿ ಸೀಟು ಕೂರಿಸುವುದೂ ಇಂಥಾ ಹಳಿ ಮೇಲೆಯೇ. ಹಳಿಯಲ್ಲಿ ಇಂಚಿಗೊಂದು ದುಂಡನೆ ಕಿಂಡಿ. ಸೀಟಿನ ಕಾಲಿಗೆ ಆ ಕಿಂಡಿಗೆ ಹೊಂದುವ, ಅಂಗಿ ಗುಂಡಿಯಂಥ ದುಂಡನೆ ಗುಂಡಿ. ಕಿಂಡಿಗೆ ಇಳಿಸಿ, ಅರ್ಧ ಇಂಚು ಸರಿಸಿ, ಲಾಕ್ ಮಾಡಿದರೆ ಟಕ್ ಅಂತ ಕೂರುತ್ತೆ. ಲಾಕ್ ತೆಗೆದರೆ ಸೀಟು ಎದ್ದು ಬರುತ್ತೆ. ಸ್ಪ್ಯಾನರ್ ಬೇಡ, ಬೋಲ್ಟ್ ತುದಿ ಉಳಿಯುವುದಿಲ್ಲ, ಮ್ಯಾಟಿಗೆ ತೂತು ಮಾಡುವ ಕಲಾವಿದನೂ ಬೇಡ.

ಅದೇ ಹಳಿಗೆ ವೀಲ್‌ಚೇರ್ ಕಟ್ಟುವ ಪಟ್ಟಿಯ ಕೊಂಡಿಯೂ ಕೂರುತ್ತೆ. ಮುಂದೆ ಎರಡು, ಹಿಂದೆ ಎರಡು, ಒಟ್ಟು ನಾಲ್ಕು ಪಟ್ಟಿ. ಕಟ್ಟುವುದು ಕುರ್ಚಿಯ ಫ್ರೇಮಿಗೆ. ಚಕ್ರಕ್ಕೆ ಕಟ್ಟಬಾರದು, ಬಿಚ್ಚಿ ಬರುವ ಕೈಗೂ ಕಟ್ಟಬಾರದು. ಕೂತವರ ಮುಖ ಗಾಡಿ ಹೋಗುವ ಕಡೆಗೇ ಇರಬೇಕು. ಅವರಿಗೆ ಭುಜಕ್ಕೂ ಸೊಂಟಕ್ಕೂ ಬೇರೆ ಬೆಲ್ಟ್. ಕುರ್ಚಿಗೇ ಹೊಲಿದಿರುವ ಆ ಸಣ್ಣ ಬೆಲ್ಟ್ ಇದೆಯಲ್ಲ, ಅದು ಜಾರದ ಹಾಗೆ ಕೂರುವುದಕ್ಕೆ ಅಷ್ಟೇ.

ಈಗ ನಮ್ಮ ರಾಕೆಟ್ ತಮ್ಮನಿಗೆ ಒಂದು ಲೆಕ್ಕ. ಈ ಪಟ್ಟಿಗಳಿಗೆ ಐಎಸ್‌ಒ 10542 ಅಂತ ಮಾನದಂಡ ಇದೆ. ಪರೀಕ್ಷೆಯಲ್ಲಿ ಗಂಟೆಗೆ 48 ಕಿ.ಮೀ. ವೇಗದ ಡಿಕ್ಕಿ, ಸುಮಾರು 20 ಜಿ. ಅಂದರೆ ಆ ಕ್ಷಣಕ್ಕೆ ಕುರ್ಚಿ ತನ್ನ ತೂಕದ 20 ಪಟ್ಟು ಎಳೆಯುತ್ತೆ. 100 ಕೆ.ಜಿ. ಬ್ಯಾಟರಿ ಕುರ್ಚಿ ಆದರೆ ಎರಡು ಟನ್. ಅತ್ತೆಯದು ಸಾದಾ ಕುರ್ಚಿ, 18 ಕೆ.ಜಿ. ಅದೂ 360 ಕೆ.ಜಿ. ಏಳು ಚೀಲ ಸಿಮೆಂಟಿಗಿಂತ ಜಾಸ್ತಿ. ಕೂತ ಅತ್ತೆಯನ್ನು ಇನ್ನೂ ಲೆಕ್ಕಕ್ಕೆ ಹಿಡಿದಿಲ್ಲ, ಹಿಡಿದರೆ ಬೈತಾಳೆ. ಇಷ್ಟೂ ಎಳೆತ ಪಟ್ಟಿಯಿಂದ ಹಳಿಗೆ, ಹಳಿಯಿಂದ ನೆಲದ ಕೆಳಗಿನ ಅಡ್ಡ ಕಬ್ಬಿಣಕ್ಕೆ ಹೋಗಬೇಕು. ಹಳಿಯನ್ನು ಬರೀ ಪ್ಲೈವುಡ್ಡಿಗೆ ಸ್ಕ್ರೂ ಹೊಡೆದರೆ ಕುರ್ಚಿಯ ಜೊತೆ ಹಳಿಯೂ ಎದ್ದು ಬರುತ್ತೆ. ಅದಕ್ಕೇ ಹೇಳುತ್ತಿದ್ದೇನೆ, ನೆಲ ತೋರಿಸ್ರಿ! ಮೇಲಿನದೂ, ಕೆಳಗಿನದೂ.

ಒಂದು ನಿಮಿಷ. ಸಬ್‌ಸ್ಕ್ರೈಬ್ ಮಾಡದವರು ಮಾಡಿ. 9,880 ಜನ ಇದ್ದೇವೆ. ಹತ್ತು ಸಾವಿರ ಆದರೆ ಧಾರವಾಡ ಪೇಡೆ ಹಂಚುತ್ತೇನೆ ಅಂತ ಮಾತು ಕೊಟ್ಟಿದ್ದೇನೆ. ಯಾರಿಗೆ ಅಂತ ಹೇಳಿಲ್ಲ.

ಇನ್ನೊಬ್ಬರು ಕೇಳುತ್ತಾರೆ, "ಚಿಗರಿ ಬಸ್ ಇದೆಯಲ್ಲ, ಅದರಲ್ಲಿ ಹೋಗಲಿ." ಚಿಗರಿ ನನಗೂ ಇಷ್ಟ. ಯಾಕೆ ಇಷ್ಟ ಹೇಳಿ? ನಿಲ್ದಾಣದ ನೆಲ, ಬಸ್ಸಿನ ನೆಲ, ಎರಡೂ ಒಂದೇ ಮಟ್ಟ. ಹುಬ್ಬಳ್ಳಿ-ಧಾರವಾಡದ ನಡುವೆ ಸುಮಾರು 22 ಕಿ.ಮೀ. ದಾರಿ ಮಾಡಿದವರಿಗೆ ನೆಲದ ಬೆಲೆ ಗೊತ್ತಾಗಿದೆ, ನಿಮಗೆ ಗೊತ್ತಾಗಿಲ್ಲ. ಮತ್ತೆ ಚಿಗರಿ ನಮ್ಮ ಓಣಿಯೊಳಗೆ ಬರುತ್ತಾ? ಗದಗಿಗೆ ಹೋಗುತ್ತಾ?

ಇನ್ನು ಗಾಡಿ ಮಾಲೀಕರು. "ವರ್ಷಕ್ಕೆ ಎಷ್ಟು ಜನ ವೀಲ್‌ಚೇರ್‌ನವರು ಸಿಗ್ತಾರೆ ಸರ್? ಸೀಟು ಕಡಿಮೆ ಆದರೆ ನಮ್ಮ ಹೊಟ್ಟೆಗೆ ಏನು?" ಅಯ್ಯೋ ದೇವರೇ. ಸೀಟು ಕಡಿಮೆ ಮಾಡಿ ಅಂತ ಯಾರು ಹೇಳಿದರು? ಶಾಶ್ವತವಾಗಿ ಕಿತ್ತು ಒಗೆಯಿರಿ ಅಂದವನು ಆ ಕಮೆಂಟಿನ ತಮ್ಮ, ನಾನಲ್ಲ. ಹಳಿ ಇದ್ದರೆ ಬೆಳಿಗ್ಗೆ ನಾಲ್ಕು ಸೀಟು ತೆಗೆದು ಇಬ್ಬರನ್ನು ಕುರ್ಚಿ ಸಮೇತ ಡಯಾಲಿಸಿಸ್‌ಗೆ ಬಿಟ್ಟು ಬನ್ನಿ. ಮಧ್ಯಾಹ್ನ ಅದೇ ಸೀಟು ಟಕ್ ಟಕ್ ಅಂತ ಕೂರಿಸಿ, ಸಂಜೆ ಗದಗಿಗೆ ದಿಬ್ಬಣ ಹೊಡೆಯಿರಿ. ಒಂದೇ ಗಾಡಿ, ಎರಡು ಬಾಡಿಗೆ.

ಇನ್ನೊಂದು ಇದೆ, ಇದನ್ನು ಯಾರೂ ಹೇಳುವುದಿಲ್ಲ. ನಮ್ಮ ಕಡೆ ವೀಲ್‌ಚೇರನ್ನು ಯಾವಾಗಲೂ ಹಿಂದಿನ ಬಾಗಿಲ ಹತ್ತಿರವೇ ನಿಲ್ಲಿಸುತ್ತಾರೆ, ಸಾಮಾನಿನ ಜೊತೆ. ಅದು ಹಿಂದಿನ ಆಕ್ಸಲ್‌ನ ಮೇಲೆ, ಇಲ್ಲವೇ ಅದಕ್ಕೂ ಹಿಂದೆ. ಹಂಪ್ ಬಂದಾಗ ಗಾಡಿಯಲ್ಲಿ ಅತಿ ಜಾಸ್ತಿ ಎಗರುವ ಜಾಗ ಅದು. ಹಳಿ ಇದ್ದರೆ ಸೀಟು ಸರಿಸಿ ಕುರ್ಚಿಯನ್ನು ಮುಂದೆ, ಎರಡು ಆಕ್ಸಲ್‌ಗಳ ನಡುವೆ ತರಬಹುದು. ಪಕ್ಕದಲ್ಲಿ ಒಂದು ಸೀಟು ಹಾಕಿ ಮಗನನ್ನೋ ಸೊಸೆಯನ್ನೋ ಕೂರಿಸಬಹುದು. ಅತ್ತೆಗೆ ಬೇಕಿದ್ದೂ ಅದೇ, ಮಾತಾಡಲು ಒಬ್ಬರು ಪಕ್ಕದಲ್ಲಿ. ಹಿಂದೆ ಕುಳಿತು ಸೂಟ್‌ಕೇಸ್ ಜೊತೆ ಎಷ್ಟಂತ ಮಾತಾಡುತ್ತಾಳೆ?

"ಎತ್ತಿ ಸೀಟಿನ ಮೇಲೆ ಕೂರಿಸಿಬಿಡಿ." ಇದು ಒಬ್ಬ ಡಬಲ್ ಡಿಗ್ರಿಯವರ ಸಲಹೆ. ಸರ್, ನಿಮ್ಮನ್ನು ಮದುವೆ ಮನೆ ಮುಂದೆ, ಬೀಗರೆಲ್ಲ ನೋಡುತ್ತಿರುವಾಗ, ಇಬ್ಬರು ಕಂಕುಳಿಗೆ ಕೈ ಹಾಕಿ ಇಳಿಸಿದರೆ ಹೇಗಿರುತ್ತೆ? ಸೀರೆ ಉಟ್ಟುಕೊಂಡು?

"ಆರ್‌ಟಿಒ ಬಿಡಲ್ಲ." 1988ರ ಮೋಟಾರು ವಾಹನ ಕಾಯ್ದೆ, 52ನೇ ಕಲಂ, ಗಾಡಿ ಬದಲಾಯಿಸಲು ಅನುಮತಿ ಬೇಕು. ಬೇಕು ತಾನೇ? ಅರ್ಜಿ ಹಾಕಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 41ನೇ ಕಲಂ ಸಾರಿಗೆ ಬಗ್ಗೆಯೇ ಇದೆ, ಅದನ್ನೂ ಓದಿಕೊಂಡು ಹೋಗಿ. ಮ್ಯೂಸಿಕ್ ಸಿಸ್ಟಮ್ ಹಾಕಿಸುವಾಗ ಮಾತ್ರ ಇವರಿಗೆ ಕಾನೂನು ನೆನಪಾಗಲ್ಲ.

"ಹಳಿಯಲ್ಲಿ ಧೂಳು ಕೂರುತ್ತೆ." ಕೂರುತ್ತೆ, ಒಪ್ಪಿದೆ. ನಮ್ಮ ಎರೆಮಣ್ಣು ಒಣಗಿದರೆ ಕಲ್ಲು. ಮೇಲೆ ಚುರಮುರಿ, ಶೇಂಗಾ ಸಿಪ್ಪೆ. ಕಿಂಡಿ ತುಂಬಿದರೆ ಗುಂಡಿ ಪೂರ್ತಿ ಇಳಿಯಲ್ಲ, ಲಾಕ್ ಬಿದ್ದ ಹಾಗೆ ಕಂಡರೂ ಬಿದ್ದಿರಲ್ಲ. ಒಂದು ಬ್ರಷ್ ಇಟ್ಟುಕೊಳ್ರಿ! ಹಳೇ ಹಲ್ಲುಜ್ಜುವ ಬ್ರಷ್ ಆದರೂ ನಡೆಯುತ್ತೆ!

ಊರಿಗೆ ಬಂದ ನೆಂಟರನ್ನೆಲ್ಲ ಕರೆದುಕೊಂಡು ಹೋಗಿ, ಹುಬ್ಬಳ್ಳಿ ರೈಲು ನಿಲ್ದಾಣದ 1507 ಮೀಟರ್ ಪ್ಲಾಟ್‌ಫಾರ್ಮ್, ಜಗತ್ತಿನಲ್ಲೇ ಉದ್ದದ್ದು ಅಂತ ತೋರಿಸುತ್ತೇವೆ. ನಾನೂ ತೋರಿಸಿದ್ದೇನೆ, ವಿಡಿಯೋ ಇದೆ, ಲಿಂಕ್ ಕೆಳಗೆ. ನಮ್ಮ ಅತ್ತೆಗೆ ಬೇಕಿರುವುದು ಸುಮಾರು 1.3 ಮೀಟರ್ ಉದ್ದ, ಮುಕ್ಕಾಲು ಮೀಟರ್ ಅಗಲ. ಅಷ್ಟು ನೆಲ ರೀ! ಅಷ್ಟೇ ನೆಲ!

ಏನೋ ಹೇಳಬೇಕಿತ್ತು, ಸ್ಕ್ರಿಪ್ಟ್‌ನಲ್ಲಿ ಇನ್ನೂ ಮೂರು ಪಾಯಿಂಟ್ ಇವೆ, ಸಿಟ್ಟಿನಲ್ಲಿ ಹಾಳೆ ಎಲ್ಲಿಟ್ಟೆ ಗೊತ್ತಿಲ್ಲ. ಎಡಿಟರ್ ನಗುತ್ತಿದ್ದಾನೆ. ನಗಪ್ಪಾ, ನಗು. ಗಿರಮಿಟ್ ಎರಡು ತಿಂಗಳು ಬಂದ್.

ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಕಡೆ ವೀಲ್‌ಚೇರ್ ಗಾಡಿ ಇಟ್ಟವರು ಮ್ಯಾಟ್ ಎತ್ತಿ ಒಂದು ಫೋಟೋ ಕಳಿಸಿ. ಚೆನ್ನಾಗಿದ್ದರೆ ನಾನೇ ಬಂದು ಬಿಟ್ಟಿ ಪ್ರಚಾರ ಮಾಡುತ್ತೇನೆ, ಅತ್ತೆಯನ್ನೂ ಕರೆತರುತ್ತೇನೆ. ರ‍್ಯಾಂಪ್ ಫೋಟೋ ಕಳಿಸಿದವರನ್ನು ಬ್ಲಾಕ್ ಮಾಡುತ್ತೇನೆ.